ಹಂಟರ್ ಇಲ್ಲದ ವರ್ಜೀನಿಯಾ: ಒಬ್ಬ ಆಟಗಾರನ ಗಾಯಕ್ಕೆ ಎಷ್ಟು ಪಾಯಿಂಟ್ ಕಳೆಯಬೇಕು?

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಯ (ಎನ್‌ಸಿಎಎ) ಫಲಿತಾಂಶ ಊಹಿಸುವವರಿಗೆ ಗಾಯದ ಸುದ್ದಿಯಷ್ಟು ಗೊಂದಲ ಎಬ್ಬಿಸುವ ಸಂಗತಿ ಇನ್ನೊಂದಿಲ್ಲ. ಕೆಲವರು ಗಾಯಾಳು ಪಂದ್ಯವೊಂದಕ್ಕೆ ಗಳಿಸುತ್ತಿದ್ದ ಸರಾಸರಿ ಪಾಯಿಂಟನ್ನು ತಂಡದ ನಿರೀಕ್ಷಿತ ಗೆಲುವಿನ ಅಂತರದಿಂದ ಇಡಿಯಾಗಿ ಕಳೆದುಬಿಡುತ್ತಾರೆ. ಇನ್ನು ಕೆಲವರು, ಆತ ಬೆಂಚಿನಿಂದ ಬರುವವನು ತಾನೇ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎರಡೂ ತಪ್ಪು ಏಕೆ ಎಂಬುದನ್ನು 2018ರ ವರ್ಜೀನಿಯಾ ತಂಡದ ಪ್ರಕರಣ ಬೇರೆಲ್ಲ ಪ್ರಕರಣಗಳಿಗಿಂತ ಸ್ಪಷ್ಟವಾಗಿ ತೋರಿಸುತ್ತದೆ. ಆ ತಂಡಕ್ಕೆ ಮುಂದೆ ಏನಾಯಿತು ಎಂಬುದು ಎಲ್ಲರಿಗೂ ಗೊತ್ತಿರುವುದರಿಂದಲೇ ಈ ಪ್ರಕರಣವನ್ನು ತಪ್ಪಾಗಿ ಓದುವವರೂ ಹೆಚ್ಚು.

ನಡೆದದ್ದು

ಟೋನಿ ಬೆನೆಟ್ ಕೋಚ್ ಆಗಿದ್ದ ವರ್ಜೀನಿಯಾ ಆ ವರ್ಷ 31 ಗೆಲುವು, 2 ಸೋಲಿನೊಂದಿಗೆ ಟೂರ್ನಿಗೆ ಬಂದಿತ್ತು. ತಾನಿದ್ದ ಎಸಿಸಿ ಕಾನ್ಫರೆನ್ಸ್‌ನಲ್ಲಿ (ಕಾಲೇಜುಗಳ ಲೀಗ್) 17-1. ಮಾರ್ಚ್ 10ರಂದು ಬ್ರೂಕ್ಲಿನ್‌ನಲ್ಲಿ ನಾರ್ತ್ ಕೆರೊಲಿನಾವನ್ನು 71-63ರಿಂದ ಸೋಲಿಸಿ ಎಸಿಸಿ ಟೂರ್ನಿಯನ್ನೂ ಗೆದ್ದಿತ್ತು. ಮರುದಿನ ಭಾನುವಾರ ಆಯ್ಕೆ ಸಮಿತಿ ಅದನ್ನು ಇಡೀ ಟೂರ್ನಿಯ ಅಗ್ರ ತಂಡವೆಂದು ಪರಿಗಣಿಸಿ ಸೌತ್ ವಿಭಾಗದ ಮೊದಲ ಸೀಡ್ (ಬಲಾಬಲದ ಪ್ರಕಾರ ಕೊಡುವ ಕ್ರಮಾಂಕ) ಕೊಟ್ಟಿತು. ಮಂಗಳವಾರ, ಮಾರ್ಚ್ 13ರಂದು ಸುದ್ದಿ ಬಂತು: ಡಿಆಂಡ್ರೆ ಹಂಟರ್‌ನ ಎಡ ಮಣಿಕಟ್ಟಿನ ಮೂಳೆ ಎಸಿಸಿ ಟೂರ್ನಿಯ ವೇಳೆ ಮುರಿದಿದೆ, ಶಸ್ತ್ರಚಿಕಿತ್ಸೆ ಬೇಕು, ಚೇತರಿಕೆಗೆ ಹಲವು ವಾರ ಹಿಡಿಯುತ್ತದೆ, ಆತ ಆಡುವುದಿಲ್ಲ.

ದಿನಾಂಕಗಳು ಇಲ್ಲಿ ಮುಖ್ಯ. ಸೀಡ್ ಹಂಚಿಕೆ ಆಗಿಹೋಗಿತ್ತು, ಆದ್ದರಿಂದ ವರ್ಜೀನಿಯಾದ ಸ್ಥಾನದಲ್ಲಿ ಗಾಯದ ಛಾಯೆಯೇ ಇರಲಿಲ್ಲ. ಎಲ್ಲ ಪಂದ್ಯಗಳ ವಿಜೇತರನ್ನು ಮುಂಚಿತವಾಗಿ ಊಹಿಸಿ ಬರೆಯುವ ಬ್ರಾಕೆಟ್ ಪೈಪೋಟಿಗಳು ಗುರುವಾರ ಮಧ್ಯಾಹ್ನ ಮೊದಲ ಪಂದ್ಯ ಶುರುವಾಗುವ ಹೊತ್ತಿಗೆ ಮುಚ್ಚುತ್ತವೆ. ಅಂದರೆ ಊಹಿಸುವವರ ಕೈಯಲ್ಲಿ ಉಳಿದದ್ದು ಸುಮಾರು ಎರಡು ದಿನ.

ಹಂಟರ್ ಯಾರು? ಆರಡಿ ಏಳಿಂಚಿನ ಫಾರ್ವರ್ಡ್. ಪಂದ್ಯಕ್ಕೆ ಸುಮಾರು 20 ನಿಮಿಷ ಆಟ, ಸರಾಸರಿ 9.2 ಪಾಯಿಂಟ್, 3.5 ರೀಬೌಂಡ್. ಆರಂಭಿಕ ಐವರಲ್ಲಿ ಹೆಸರಿಲ್ಲ, ಬೆಂಚಿನಿಂದ ಬರುತ್ತಿದ್ದ. ಆ ವರ್ಷ ಎಸಿಸಿಯ ಅತ್ಯುತ್ತಮ ಆರನೇ ಆಟಗಾರ ಎಂಬ ಪ್ರಶಸ್ತಿ ಪಡೆದವನು. ಈ ಅಂಕಿಗಳನ್ನು ಮಾತ್ರ ನೋಡಿದರೆ ದೊಡ್ಡ ನಷ್ಟವೆನ್ನಿಸುವುದಿಲ್ಲ. ಆದರೆ ಗಾರ್ಡ್‌ನಿಂದ ಹಿಡಿದು ಎತ್ತರದ ಫಾರ್ವರ್ಡ್‌ವರೆಗೆ ಯಾರನ್ನು ಬೇಕಾದರೂ ಕಾಯಬಲ್ಲವನು ಆ ತಂಡದಲ್ಲಿ ಅವನೊಬ್ಬನೇ.

ಶುಕ್ರವಾರ, ಮಾರ್ಚ್ 16ರ ರಾತ್ರಿ ಷಾರ್ಲಟ್‌ನಲ್ಲಿ ವರ್ಜೀನಿಯಾ 16ನೇ ಸೀಡ್‌ನ ಯುಎಂಬಿಸಿ (ಮೇರಿಲ್ಯಾಂಡ್ ವಿಶ್ವವಿದ್ಯಾಲಯ, ಬಾಲ್ಟಿಮೋರ್ ಕೌಂಟಿ) ಎದುರು 54-74ರಿಂದ ಸೋತಿತು. ಟೂರ್ನಿ 64 ತಂಡಗಳಿಗೆ ವಿಸ್ತಾರಗೊಂಡ 1985ರಿಂದ ಆ ರಾತ್ರಿಯವರೆಗೆ ಪುರುಷರ ಟೂರ್ನಿಯಲ್ಲಿ ಮೊದಲ ಸೀಡ್‌ಗಳು 16ನೇ ಸೀಡ್‌ಗಳ ಎದುರು ಆಡಿದ್ದ 135 ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ.

ಈ ಫಲಿತಾಂಶವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಮಂಗಳವಾರ ಸಂಜೆ ಗೊತ್ತಿದ್ದಷ್ಟರಿಂದಲೇ ಲೆಕ್ಕ ಹಾಕೋಣ.

ಆ 20 ನಿಮಿಷ ಯಾರಿಗೆ?

9.2 ಪಾಯಿಂಟನ್ನು ನೇರವಾಗಿ ಕಳೆಯುವುದು ಅತಿ ಸಾಮಾನ್ಯವಾದ ತಪ್ಪು. ಆಟಗಾರ ಹೋದರೆ ಅವನ ಪೊಸೆಷನ್‌ಗಳು (ಚೆಂಡು ಕೈಗೆ ಬಂದು ದಾಳಿ ನಡೆಸುವ ಸರದಿಗಳು) ಅವನ ಜೊತೆ ಹೋಗುವುದಿಲ್ಲ. ಚೆಂಡು ತಂಡದ ಕೈಯಲ್ಲೇ ಇರುತ್ತದೆ, ಆ ಶಾಟ್‌ಗಳನ್ನು ಬೇರೆಯವರು ಹೊಡೆಯುತ್ತಾರೆ. ನಷ್ಟವಾಗುವುದು ಇಬ್ಬರ ನಡುವಿನ ವ್ಯತ್ಯಾಸ ಮಾತ್ರ. ಒಬ್ಬ ಆಟಗಾರ ಪಂದ್ಯದಲ್ಲಿ 8 ಪೊಸೆಷನ್ ಬಳಸಿ, ಒಂದೊಂದಕ್ಕೂ 1.15 ಪಾಯಿಂಟ್ ತರುತ್ತಾನೆ ಎಂದುಕೊಳ್ಳಿ. ಬದಲಿಗೆ ಬಂದವರು ಅದೇ 8ರಲ್ಲಿ ತಲಾ 1.00 ತಂದರೆ ಆಕ್ರಮಣದಲ್ಲಿ ಆಗುವ ನಷ್ಟ 1.2 ಪಾಯಿಂಟ್, ಒಂಬತ್ತಲ್ಲ. ಇದಕ್ಕೆ ರಕ್ಷಣೆಯ ನಷ್ಟವನ್ನು ಸೇರಿಸಬೇಕು.

ಲೆಕ್ಕದ ಸೂತ್ರ ಸರಳ. ಆಟಗಾರ ಮತ್ತು ಅವನ ಬದಲಿಯ ನಡುವಿನ ಅಂತರವನ್ನು 100 ಪೊಸೆಷನ್‌ಗೆ ಇಷ್ಟು ಪಾಯಿಂಟ್ ಎಂದು ಹಿಡಿದು, ಅದನ್ನು ಅವನು ಆಡುವ ನಿಮಿಷಗಳ ಪಾಲಿನಿಂದಲೂ ಪಂದ್ಯದ ಪೊಸೆಷನ್‌ಗಳಿಂದಲೂ ಗುಣಿಸಿ, 100ರಿಂದ ಭಾಗಿಸಬೇಕು. ಹಂಟರ್‌ನದು 40ರಲ್ಲಿ 20 ನಿಮಿಷ, ಅಂದರೆ ಅರ್ಧ ಪಾಲು. ವರ್ಜೀನಿಯಾ ದೇಶದಲ್ಲೇ ಅತ್ಯಂತ ನಿಧಾನವಾಗಿ ಆಡುತ್ತಿದ್ದ ತಂಡಗಳಲ್ಲೊಂದು; ಪಂದ್ಯಕ್ಕೆ ಸುಮಾರು 60 ಪೊಸೆಷನ್. ಅಂತರ 100ಕ್ಕೆ 5 ಪಾಯಿಂಟ್ ಎಂದು ಅಂದಾಜಿಸಿದರೆ 5 × 0.5 × 60 ÷ 100 = 1.5 ಪಾಯಿಂಟ್. ಅಂತರವನ್ನು 3ಕ್ಕೆ ಇಳಿಸಿದರೆ 0.9, 8ಕ್ಕೆ ಏರಿಸಿದರೆ 2.4.

ಆ 5 ಎಲ್ಲಿಂದ ಬಂತು ಎಂದು ಕೇಳಬೇಕಾದದ್ದೇ. ಸ್ಕೋರ್‌ಶೀಟ್ ಅಂಕಿಗಳಿಂದ ಲೆಕ್ಕ ಹಾಕುವ ಬಾಕ್ಸ್ ಪ್ಲಸ್-ಮೈನಸ್‌ನಂಥ ಅಳತೆಗಳನ್ನು ಗಾಯಾಳುವಿಗೂ ಬದಲಿಗಳಿಗೂ ತೆಗೆದು ವ್ಯತ್ಯಾಸ ನೋಡುವುದು ಮೊದಲ ದಾರಿ. ಆದರೆ ಅವು ರಕ್ಷಣೆಯನ್ನು ಸ್ಟೀಲ್, ಬ್ಲಾಕ್, ರೀಬೌಂಡ್‌ಗಳ ಮೂಲಕ ಮಾತ್ರ ಕಾಣುತ್ತವೆ. ಎದುರಾಳಿ ಶಾಟ್ ಹೊಡೆಯದಂತೆಯೇ ಮಾಡಿಬಿಡುವ ಹಂಟರ್‌ನಂಥವನು ಅಲ್ಲಿ ಕಡಿಮೆ ತೂಗುತ್ತಾನೆ. ಆತ ಅಂಗಳದಲ್ಲಿದ್ದಾಗ ಮತ್ತು ಇಲ್ಲದಿದ್ದಾಗ ತಂಡದ ಅಂತರ ಎಷ್ಟಿತ್ತೆಂದು ನೋಡುವುದು ಎರಡನೇ ದಾರಿ. ಅದರಲ್ಲಿ ರಕ್ಷಣೆಯೂ ಸೇರುತ್ತದೆ, ಆದರೆ ಮೂವತ್ತು ಚಿಲ್ಲರೆ ಪಂದ್ಯಗಳ ದತ್ತಾಂಶದಲ್ಲಿ ಅದೃಷ್ಟದ ಪಾಲು ವಿಪರೀತ. ಆತ ಬೆಂಚಿನಲ್ಲಿದ್ದಾಗ ಎದುರಾಳಿ ನಾಲ್ಕು ತ್ರೀ-ಪಾಯಿಂಟರ್ ಹೆಚ್ಚಾಗಿ ಹೊಡೆದರೂ ಅಂಕಿ ಓಲಾಡುತ್ತದೆ. ಆದ್ದರಿಂದ ಇಂಥ ಅಂಕಿ ಎಷ್ಟೇ ಆಕರ್ಷಕವಾಗಿ ಕಂಡರೂ ಕನಿಷ್ಠ ಅರ್ಧಕ್ಕೆ ಇಳಿಸಿಯೇ ಬಳಸಬೇಕು. ಎರಡೂ ದಾರಿಗಳಿಂದ ಬಂದ ಅಂಕಿಗಳನ್ನು ಎದುರಿಗಿಟ್ಟುಕೊಂಡು, ನಡುವಿನ ಒಂದು ಬೆಲೆಯನ್ನೂ ಅದರ ಎರಡು ಬದಿಯ ಮಿತಿಗಳನ್ನೂ ಬರೆದುಕೊಳ್ಳುವುದು ಒಳ್ಳೆಯದು. ಒಂದೇ ಅಂಕಿಯನ್ನು ನೆಚ್ಚಿಕೊಂಡವರು ಮುಂದಿನ ಹೆಜ್ಜೆಗಳಲ್ಲಿ ಎಡವುತ್ತಾರೆ.

ಗರಿಷ್ಠ ಎಷ್ಟಿರಬಹುದು ಎಂಬ ಅಂದಾಜೂ ಇರಲಿ. ತಂಡದ ಕೇಂದ್ರಬಿಂದುವೇ ಆದ ಆಟಗಾರ 33 ನಿಮಿಷ ಆಡುತ್ತಾನೆ, ಪಂದ್ಯಕ್ಕೆ 68 ಪೊಸೆಷನ್, ಬದಲಿಗಿಂತ 100ಕ್ಕೆ 11 ಪಾಯಿಂಟ್ ಮೇಲು ಎಂದರೆ ಉತ್ತರ 6.2. ಕಾಲೇಜು ಮಟ್ಟದಲ್ಲಿ ಒಬ್ಬನ ಗೈರಿಗೆ ಎಂಟು, ಹತ್ತು ಪಾಯಿಂಟ್ ಕಳೆಯುವವರು ಈ ಗುಣಾಕಾರವನ್ನು ಮಾಡಿಯೇ ಇರುವುದಿಲ್ಲ. ಹಾಗೆಂದು ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಬ್ಬನ ಬೆಲೆ ಕಡಿಮೆಯೇನಲ್ಲ. ಹನ್ನೊಂದು ಜನರ ಕ್ರಿಕೆಟ್ ತಂಡದಂತಲ್ಲ ಇದು, ಅಂಗಳದಲ್ಲಿರುವವರು ಐವರೇ.

ಪಾಯಿಂಟಿನಿಂದ ಸಂಭವನೀಯತೆಗೆ

ಯುಎಂಬಿಸಿ ಪಂದ್ಯಕ್ಕೆ ಬೆಟ್ಟಿಂಗ್ ಮಾರುಕಟ್ಟೆ ಇಟ್ಟಿದ್ದ ಸ್ಪ್ರೆಡ್, ಅಂದರೆ ನಿರೀಕ್ಷಿತ ಗೆಲುವಿನ ಅಂತರ, ವರ್ಜೀನಿಯಾ ಪರವಾಗಿ 20.5 ಪಾಯಿಂಟ್. ಅದು ಗಾಯದ ಸುದ್ದಿಯನ್ನು ಒಳಗೊಂಡ ಬೆಲೆ. ನಮ್ಮ 1.5ನ್ನು ಮತ್ತೆ ಕೂಡಿಸಿದರೆ, ಹಂಟರ್ ಇದ್ದಿದ್ದರೆ 22 ಇರುತ್ತಿತ್ತು ಎಂದು ಹಿಡಿಯಬಹುದು.

ಕಾಲೇಜು ಪಂದ್ಯಗಳಲ್ಲಿ ನಿಜವಾದ ಅಂತರವು ಸ್ಪ್ರೆಡ್‌ನ ಸುತ್ತ ಸುಮಾರು 10.5 ಪಾಯಿಂಟ್ ಮಾನಕ ವಿಚಲನೆಯೊಂದಿಗೆ (ಸರಾಸರಿಯಿಂದ ಚದುರುವಿಕೆಯ ಅಳತೆ) ಹರಡಿಕೊಂಡಿರುತ್ತದೆ. ಸ್ಪ್ರೆಡ್ಡನ್ನು 10.5ರಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಸಾಮಾನ್ಯ ವಿತರಣೆಯ ಕೋಷ್ಟಕದಲ್ಲಿ ನೋಡಿದರೆ ಗೆಲುವಿನ ಸಂಭವನೀಯತೆ ಸಿಗುತ್ತದೆ. 22 ÷ 10.5 = 2.10, ಅಂದರೆ ಶೇ. 98.2. 20.5 ÷ 10.5 = 1.95, ಅಂದರೆ ಶೇ. 97.4. ಸೋಲು ಐವತ್ತೈದರಲ್ಲಿ ಒಂದು ಇದ್ದದ್ದು ಮೂವತ್ತೊಂಬತ್ತರಲ್ಲಿ ಒಂದಾಯಿತು. ಹಂಟರ್ ಬೆಲೆ 2.4 ಎಂದೇ ಹಿಡಿದರೂ ಗೆಲುವಿನ ಸಂಭವ ಶೇ. 97ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಗಾಯವನ್ನು ನೋಡಿ ಬ್ರಾಕೆಟ್‌ನಲ್ಲಿ ಯುಎಂಬಿಸಿ ಹೆಸರು ಬರೆಯಲು ಯಾವ ಕಾರಣವೂ ಇರಲಿಲ್ಲ.

ಇಲ್ಲಿ ಇನ್ನೆರಡು ಸೂಕ್ಷ್ಮಗಳಿವೆ. ಒಂದು, ಆಟದ ವೇಗ. ಎರಡು ತಂಡಗಳ ನಡುವಿನ ಅಂತರ ಪೊಸೆಷನ್‌ಗಳ ಜೊತೆ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ, ಆದರೆ ಅದೃಷ್ಟದ ಏರಿಳಿತ ಪೊಸೆಷನ್‌ಗಳ ವರ್ಗಮೂಲದ ಪ್ರಮಾಣದಲ್ಲಿ ಮಾತ್ರ ಬೆಳೆಯುತ್ತದೆ. 100 ಪೊಸೆಷನ್‌ಗೆ 34 ಪಾಯಿಂಟ್ ಮೇಲಿರುವ ತಂಡ 70 ಪೊಸೆಷನ್ ಆಡಿದರೆ ಅಂತರ 23.8, ವಿಚಲನೆಯನ್ನು 11 ಎಂದು ಹಿಡಿದರೆ ಗೆಲುವು ಶೇ. 98.5. ಅದೇ ತಂಡ 60 ಪೊಸೆಷನ್ ಆಡಿದರೆ ಅಂತರ 20.4, ವಿಚಲನೆ 10.2, ಗೆಲುವು ಶೇ. 97.7. ನಿಧಾನವಾಗಿ ಆಡುವ ಬಲಿಷ್ಠ ತಂಡ ತನಗೆ ತಾನೇ ಸ್ವಲ್ಪ ಅಪಾಯ ತಂದುಕೊಳ್ಳುತ್ತದೆ. ಬೆನೆಟ್ ತಂಡದ ಈ ಗುಣ ಹಂಟರ್ ಗಾಯದಷ್ಟೇ ತೂಕದ್ದು, ಆದರೆ ಆ ವಾರ ಚರ್ಚೆಯಾದದ್ದು ಗಾಯ.

ಎರಡು, ಗಾಯ ಸರಾಸರಿಯನ್ನು ಇಳಿಸುವುದರ ಜೊತೆಗೆ ಅನಿಶ್ಚಿತತೆಯನ್ನೂ ಹಿಗ್ಗಿಸುತ್ತದೆ. ಹೊಸ ಜೋಡಣೆಗಳು ಒಟ್ಟಿಗೆ ಆಡಿಯೇ ಇರುವುದಿಲ್ಲ. ಯಾರಿಗೆ ಬೇಗ ಫೌಲ್ ಬೀಳುತ್ತದೋ, ಕೋಚ್ ಯಾರನ್ನು ನಂಬುತ್ತಾರೋ ಗೊತ್ತಿರುವುದಿಲ್ಲ. ವಿಚಲನೆಯನ್ನು 10.5ರಿಂದ 11ಕ್ಕೆ ಏರಿಸಿದರೆ ಅದೇ 20.5 ಸ್ಪ್ರೆಡ್‌ಗೆ ಗೆಲುವು ಶೇ. 96.9 ಆಗುತ್ತದೆ. ಗೆಲ್ಲುವ ನಿರೀಕ್ಷೆ ಹೆಚ್ಚಿರುವ ತಂಡಕ್ಕೆ ಈ ಹಿಗ್ಗುವಿಕೆ ನಷ್ಟ, ದುರ್ಬಲ ತಂಡಕ್ಕೆ ಲಾಭ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ತೀರ ಕಡಿಮೆ.

ಆರು ಪಂದ್ಯಗಳ ಸರಪಳಿ

ಮೊದಲ ಪಂದ್ಯದಲ್ಲಿ ಒಂದು ಶೇಕಡಾ ಅಂಶಕ್ಕಿಂತ ಕಡಿಮೆ ಬದಲಾವಣೆ ತಂದ ಅದೇ 1.5 ಪಾಯಿಂಟ್, ಪ್ರಶಸ್ತಿಯ ಪ್ರಶ್ನೆ ಬಂದಾಗ ಬೇರೆಯೇ ಆಗಿ ಕಾಣುತ್ತದೆ. ಸ್ಪ್ರೆಡ್ ಸೊನ್ನೆಗೆ ಹತ್ತಿರವಾದಷ್ಟೂ ಒಂದೊಂದು ಪಾಯಿಂಟಿನ ಬೆಲೆ ಏರುತ್ತದೆ. 22ರ ಹತ್ತಿರ ಒಂದೂವರೆ ಪಾಯಿಂಟ್ ಅಂದರೆ ಶೇ. 0.7, 4ರ ಹತ್ತಿರ ಅದೇ ಒಂದೂವರೆ ಪಾಯಿಂಟ್ ಅಂದರೆ ಶೇ. 5.4.

ಪ್ರತಿ ಸುತ್ತಿನಲ್ಲಿ ಎದುರಾಗಬಹುದಾದ ಸಾಧಾರಣ ಎದುರಾಳಿಯ ಮೇಲೆ ಪೂರ್ಣ ಬಲದ ವರ್ಜೀನಿಯಾಗೆ 22, 12, 8, 6, 4, 3 ಪಾಯಿಂಟ್‌ಗಳ ಮೇಲುಗೈ ಇತ್ತೆಂದು ಊಹಿಸೋಣ. ಹಂಟರ್ ಇಲ್ಲದೆ ಪ್ರತಿಯೊಂದರಿಂದಲೂ 1.5 ಕಳೆಯಬೇಕು.

ಮೊದಲ ಸುತ್ತು: 98.2ರಿಂದ 97.4ಕ್ಕೆ
ಎರಡನೇ ಸುತ್ತು: 87.3ರಿಂದ 84.1ಕ್ಕೆ
ಹದಿನಾರರ ಘಟ್ಟ: 77.7ರಿಂದ 73.2ಕ್ಕೆ
ಎಂಟರ ಘಟ್ಟ: 71.6ರಿಂದ 66.6ಕ್ಕೆ
ಸೆಮಿಫೈನಲ್: 64.8ರಿಂದ 59.4ಕ್ಕೆ
ಫೈನಲ್: 61.2ರಿಂದ 55.7ಕ್ಕೆ

ಇವನ್ನು ಗುಣಿಸುತ್ತ ಹೋದರೆ ಫೈನಲ್ ಫೋರ್ (ಕೊನೆಯ ನಾಲ್ಕು ತಂಡಗಳ ಘಟ್ಟ) ತಲುಪುವ ಸಂಭವ ಶೇ. 47.7ರಿಂದ 40.0ಕ್ಕೆ, ಪ್ರಶಸ್ತಿ ಗೆಲ್ಲುವ ಸಂಭವ ಶೇ. 18.9ರಿಂದ 13.2ಕ್ಕೆ ಇಳಿಯುತ್ತದೆ. ಚಾಂಪಿಯನ್ ಆಗುವ ಅವಕಾಶದಲ್ಲಿ ಸುಮಾರು ಶೇ. 30 ಕರಗಿತು! ಒಂದು ಪಂದ್ಯದಲ್ಲಿ ಕಾಣಿಸದ ನಷ್ಟ ಇದು. ನಮ್ಮ ಅಭಿಪ್ರಾಯದಲ್ಲಿ ಈ ಪ್ರಕರಣದ ತಿರುಳೆಲ್ಲ ಇಲ್ಲಿದೆ. ಮಂಗಳವಾರದ ಸುದ್ದಿ ಕೇಳಿ ಮೊದಲ ಸುತ್ತಿನ ಆಯ್ಕೆ ಬದಲಿಸುವುದು ಹುಚ್ಚು, ಚಾಂಪಿಯನ್ ಆಯ್ಕೆಯನ್ನು ಮತ್ತೆ ಪರಿಶೀಲಿಸದೆ ಬಿಡುವುದು ಸೋಮಾರಿತನ.

ಗಾಯ ಈಗಾಗಲೇ ಲೆಕ್ಕದಲ್ಲಿ ಸೇರಿದೆಯೇ?

ಗಾಯದ ಬೆಲೆ ಸರಿಯಾಗಿ ಅಂದಾಜಿಸಿದವರೂ ಕೆಡುವ ಜಾಗ ಇದು. ಕೆನ್ ಪೊಮರಾಯ್‌ ಅವರ ಕಾಲೇಜು ತಂಡಗಳ ರೇಟಿಂಗ್‌ನಂಥವು ಆಡಿದ ಪಂದ್ಯಗಳ ಫಲಿತಾಂಶದಿಂದ ಬರುತ್ತವೆ, ಗಾಯಕ್ಕಾಗಿ ಅವನ್ನು ಯಾರೂ ತಿದ್ದುವುದಿಲ್ಲ. ಅಂಥ ರೇಟಿಂಗ್ ಬಳಸಿದರೆ ನಾವೇ ಕಳೆಯಬೇಕು. ಫೈವ್‌ಥರ್ಟಿಎಯ್ಟ್ ಜಾಲತಾಣದ ಮಾದರಿ ಗಾಯಾಳುಗಳ ವಿನ್ ಶೇರ್ (ತಂಡದ ಗೆಲುವುಗಳಲ್ಲಿ ಆಟಗಾರನ ಪಾಲು) ಅಂಕಿಯನ್ನು ನೋಡಿ ತಾನೇ ತಿದ್ದುಪಡಿ ಮಾಡುತ್ತಿತ್ತು. ಅದರಿಂದ ಮತ್ತೆ ಕಳೆದರೆ ಎರಡು ಸಲ ಕಳೆದಂತೆ. ಮಾರುಕಟ್ಟೆಯ ಸ್ಪ್ರೆಡ್ ಕೂಡ ಹಾಗೆಯೇ, ಸುದ್ದಿ ಬಂದ ಕೆಲವೇ ನಿಮಿಷಗಳಲ್ಲಿ ಹೊಸ ಬೆಲೆಗೆ ಸರಿಯುತ್ತದೆ. ಸುದ್ದಿಗೆ ಮುಂಚಿನ ಮತ್ತು ನಂತರದ ಸ್ಪ್ರೆಡ್ ಎರಡೂ ಸಿಕ್ಕರೆ ಅದೃಷ್ಟ: ಅವುಗಳ ವ್ಯತ್ಯಾಸವೇ ಆ ಆಟಗಾರನಿಗೆ ಮಾರುಕಟ್ಟೆ ಕಟ್ಟಿದ ಬೆಲೆ. ನಮ್ಮ ಗುಣಾಕಾರ ಅದರಿಂದ ಬಹಳ ದೂರವಿದ್ದರೆ ಮೊದಲು ಅನುಮಾನಿಸಬೇಕಾದದ್ದು ನಮ್ಮ ಅಂಕಿಯನ್ನು.

ಆಟಗಾರ ಋತುವಿನ ನಡುವೆಯೇ ಹೊರಗಿದ್ದರೆ ಲೆಕ್ಕ ಇನ್ನಷ್ಟು ತೊಡಕು. 33 ಪಂದ್ಯಗಳಲ್ಲಿ 12ನ್ನು ಆತ ಆಡಿಲ್ಲ ಎಂದರೆ ತಂಡದ ರೇಟಿಂಗ್‌ನಲ್ಲಿ ಅವನ ಗೈರಿನ ಶೇ. 36 ಆಗಲೇ ಬೆರೆತಿದೆ. ಟೂರ್ನಿಗೂ ಆತ ಇಲ್ಲವೆಂದರೆ ಅವನ ಬೆಲೆಯಲ್ಲಿ ಉಳಿದ ಶೇ. 64 ಮಾತ್ರ ಕಳೆಯಬೇಕು. ಆತ ಮರಳುತ್ತಾನೆ ಎಂದರೆ ಶೇ. 36 ಕೂಡಿಸಬೇಕು.

2011ರ ಡ್ಯೂಕ್ ಇದಕ್ಕೆ ಒಳ್ಳೆಯ ಉದಾಹರಣೆ. ಕೈರಿ ಅರ್ವಿಂಗ್ 2010ರ ಡಿಸೆಂಬರ್‌ನಲ್ಲಿ ಬಟ್ಲರ್ ವಿರುದ್ಧ ಕಾಲ್ಬೆರಳಿಗೆ ಪೆಟ್ಟು ಮಾಡಿಕೊಂಡು, ಎಂಟೇ ಪಂದ್ಯ ಆಡಿ ಹೊರಗುಳಿದ. ಡ್ಯೂಕ್ 30-4ರೊಂದಿಗೆ ಟೂರ್ನಿಗೆ ಬಂದಾಗ ಅದರ 34 ಪಂದ್ಯಗಳಲ್ಲಿ 26 ಅವನಿಲ್ಲದವು. ಹಾಗಾಗಿ ಅವನ ಮರಳುವಿಕೆಗೆ ಸೂತ್ರದ ಪ್ರಕಾರ ಬೆಲೆಯ ಮುಕ್ಕಾಲು ಭಾಗ ಕೂಡಬೇಕಿತ್ತು. ಆದರೆ ಮೂರು ತಿಂಗಳು ಆಡದ ಕಾಲು, ಕಡಿಮೆ ನಿಮಿಷ, ಅವನಿಲ್ಲದೆಯೇ ಹೊಂದಿಕೊಂಡಿದ್ದ ತಂಡ. ಹದಿನಾರರ ಘಟ್ಟದಲ್ಲಿ ಅರ್ವಿಂಗ್ 28 ಪಾಯಿಂಟ್ ಗಳಿಸಿದ, ಡ್ಯೂಕ್ ಅರಿಝೋನಾಗೆ 77-93ರಿಂದ ಸೋತಿತು. ಮರಳುವ ತಾರೆಗೆ ಪೂರ್ತಿ ಬೆಲೆ ಕೊಡುವುದಕ್ಕಿಂತ ಅರ್ಧ ಕೊಡುವುದೇ ವಿವೇಕ.

2018ರಲ್ಲೇ ಕಾನ್ಸಸ್‌ನ ಉಡೋಕಾ ಅಜುಬುಯಿಕೆ ಮೊಣಕಾಲಿನ ಉಳುಕಿನಿಂದ ಬಿಗ್ 12 ಕಾನ್ಫರೆನ್ಸ್ ಟೂರ್ನಿ ತಪ್ಪಿಸಿಕೊಂಡಿದ್ದ. ಎನ್‌ಸಿಎಎ ಮೊದಲ ಪಂದ್ಯಕ್ಕೆ "ಲಭ್ಯ" ಎಂದಾದರೂ ಅಂಗಳದಲ್ಲಿದ್ದದ್ದು ಮೂರೇ ನಿಮಿಷ. ಲಭ್ಯ ಎನ್ನುವುದನ್ನು ನಿಮಿಷಗಳಿಗೆ ಇಳಿಸದೆ ಲೆಕ್ಕ ಮುಂದುವರಿಸಬಾರದು.

ಸೀಡ್ ಹಂಚಿಕೆಗೆ ಮುಂಚೆಯೇ ಗಾಯವಾದರೆ ಆಯ್ಕೆ ಸಮಿತಿಯೂ ಅದನ್ನು ತೂಗುತ್ತದೆ. 2000ದ ಮಾರ್ಚ್ 9ರಂದು, ದೇಶದ ಒಂದನೇ ರ‍್ಯಾಂಕಿನಲ್ಲಿದ್ದ ಸಿನ್ಸಿನಾಟಿಯ ಕೆನ್ಯನ್ ಮಾರ್ಟಿನ್ ಕಾನ್ಫರೆನ್ಸ್ ಟೂರ್ನಿಯಲ್ಲಿ ಸೇಂಟ್ ಲೂಯಿಸ್ ವಿರುದ್ಧ ಆಟ ಶುರುವಾದ ಕೆಲವೇ ನಿಮಿಷಗಳಲ್ಲಿ ಕಾಲು ಮುರಿದುಕೊಂಡ. ಸಮಿತಿ ತಂಡಕ್ಕೆ ಎರಡನೇ ಸೀಡ್ ಕೊಟ್ಟಿತು. ಎರಡನೇ ಸುತ್ತಿನಲ್ಲಿ ಟಲ್ಸಾ ಅದನ್ನು 69-61ರಿಂದ ಸೋಲಿಸಿತು. ಅಂಥ ಸಂದರ್ಭದಲ್ಲಿ "ಎರಡನೇ ಸೀಡ್‌ಗಳು ಚರಿತ್ರೆಯಲ್ಲಿ ಇಷ್ಟು ಸಲ ಗೆದ್ದಿವೆ" ಎಂಬ ಅಂಕಿಯನ್ನು ತೆಗೆದುಕೊಂಡು ಅದರಿಂದ ಗಾಯವನ್ನು ಮತ್ತೆ ಇಡಿಯಾಗಿ ಕಳೆಯುವುದು ಸರಿಯಲ್ಲ. ವರ್ಜೀನಿಯಾ ಪ್ರಕರಣದಲ್ಲಿ ಈ ತೊಡಕು ಇರಲಿಲ್ಲ, ಏಕೆಂದರೆ ಸುದ್ದಿ ಬಂದದ್ದು ಸೀಡ್ ಆದ ಮೇಲೆ. ಮೊದಲ ಸೀಡ್‌ಗಳ 135-0 ದಾಖಲೆಯನ್ನು ಹಂಟರ್ ಇಲ್ಲದ ತಂಡಕ್ಕೆ ಹಾಗೆಯೇ ಅನ್ವಯಿಸುವುದೂ ಅದೇ ಕಾರಣಕ್ಕೆ ತಪ್ಪು.

ಒಂದೇ ಅಂಕಿಯಲ್ಲಿ ಹಿಡಿಸದ್ದು

1.5 ಎಂಬುದು ಎಲ್ಲ ಎದುರಾಳಿಗಳ ಸರಾಸರಿ. ಹಂಟರ್‌ನ ನಿಜವಾದ ಉಪಯೋಗ ಎಲ್ಲ ಪಂದ್ಯದಲ್ಲೂ ಒಂದೇ ಸಮವಲ್ಲ. ಎದುರಾಳಿ ಇಬ್ಬರು ಎತ್ತರದವರನ್ನು ಆಡಿಸಿದರೆ ವರ್ಜೀನಿಯಾಗೆ ಜ್ಯಾಕ್ ಸಾಲ್ಟ್, ಐಸೈಯಾ ವಿಲ್ಕಿನ್ಸ್, ಮಮಾಡಿ ಡಿಯಾಕಿಟೆ ಇದ್ದರು. ನಾಲ್ವರು ಗಾರ್ಡ್‌ಗಳನ್ನು ಹೊರಗೆ ಹರಡಿ ಆಡುವ ತಂಡ ಬಂದಾಗ, ಎತ್ತರವನ್ನೂ ಬಿಡದೆ ಚುರುಕಾದ ಐವರನ್ನು ಕಟ್ಟಲು ಬೇಕಿದ್ದವನು ಹಂಟರ್. ಬೆನೆಟ್ ಅವರ ರಕ್ಷಣಾ ಪದ್ಧತಿ ಬಾಸ್ಕೆಟ್ಟಿನ ಹತ್ತಿರ ಜನರನ್ನು ಒಟ್ಟುಗೂಡಿಸಿ ಒಳನುಗ್ಗುವುದನ್ನು ತಡೆಯುತ್ತಿತ್ತು, ಹೊರಗಿನ ಶಾಟನ್ನು ಸ್ವಲ್ಪಮಟ್ಟಿಗೆ ಬಿಟ್ಟುಕೊಡುತ್ತಿತ್ತು. ಐದಡಿ ಎಂಟಿಂಚಿನ ಕೆ. ಜೆ. ಮೌರಾ, ಚುರುಕಾಗಿ ನುಗ್ಗುವ ಜೈರಸ್ ಲೈಲ್ಸ್ ಇದ್ದ ಯುಎಂಬಿಸಿ ನಾವು ಹೇಳಿದ ಎರಡನೇ ಬಗೆಯದು. ಇಂಥ ಎದುರಾಳಿಗೆ 1.5ರ ಬದಲು 2.5 ಕಳೆಯುವುದನ್ನು ನಾವು ಒಪ್ಪುತ್ತೇವೆ. ಆದರೆ ಶೈಲಿಯ ಹೊಂದಾಣಿಕೆಯ ಹೆಸರಿನಲ್ಲಿ ಒಂದು ಪಾಯಿಂಟ್‌ಗಿಂತ ಹೆಚ್ಚು ಸೇರಿಸುವುದು ಕಥೆ ಕಟ್ಟಿದಂತೆ.

ನಷ್ಟ ಎಲ್ಲಿ ತೋರಿಕೊಳ್ಳುತ್ತದೆ ಎಂಬುದೂ ಊಹೆ ಮೀರಿದ್ದು. 2012ರಲ್ಲಿ ನಾರ್ತ್ ಕೆರೊಲಿನಾದ ಪಾಯಿಂಟ್ ಗಾರ್ಡ್ ಕೆಂಡಲ್ ಮಾರ್ಷಲ್ ಕ್ರೈಟನ್ ವಿರುದ್ಧದ ಗೆಲುವಿನಲ್ಲಿ ಬಲ ಮಣಿಕಟ್ಟಿನ ಸ್ಕ್ಯಾಫಾಯ್ಡ್ ಮೂಳೆ ಮುರಿದುಕೊಂಡ. ಆತ ಎಡಗೈ ಆಟಗಾರ. ಪೆಟ್ಟು ಬಿದ್ದದ್ದು ಶಾಟ್ ಹೊಡೆಯದ ಕೈಗೆ, ಆಡಬಹುದು ಎಂದು ಆಸೆಪಟ್ಟವರಿದ್ದರು. ಆತ ಮತ್ತೆ ಆಡಲಿಲ್ಲ. ಸ್ಕ್ಯಾಫಾಯ್ಡ್‌ಗೆ ರಕ್ತ ಪೂರೈಕೆ ಕಡಿಮೆ, ಕೂಡಿಕೊಳ್ಳುವುದು ನಿಧಾನ. ಯಾವ ಕೈ ಎಂಬುದಕ್ಕಿಂತ ಯಾವ ಮೂಳೆ ಎಂಬುದು ಮುಖ್ಯ. ಬದಲಿಗೆ ಬಂದ ಹೊಸಬ ಸ್ಟಿಲ್ಮನ್ ವೈಟ್ ಓಹಾಯೊ ವಿರುದ್ಧ 6 ಅಸಿಸ್ಟ್ ಕೊಟ್ಟು ಒಂದೂ ಟರ್ನೋವರ್ (ಚೆಂಡನ್ನು ಎದುರಾಳಿಗೆ ಬಿಟ್ಟುಕೊಡುವ ತಪ್ಪು) ಮಾಡಲಿಲ್ಲ. ಆದರೆ ತಂಡ ಒಟ್ಟು 24 ಟರ್ನೋವರ್ ಮಾಡಿತು. ಚೆಂಡು ಮುನ್ನಡೆಸುವ ಹೊರೆ ಅಭ್ಯಾಸವಿಲ್ಲದವರ ಮೇಲೆ ಬಿದ್ದಿತ್ತು. 13ನೇ ಸೀಡ್ ಎದುರು ಹೆಚ್ಚುವರಿ ಅವಧಿಯಲ್ಲಿ 73-65ರಿಂದ ಗೆದ್ದ ನಾರ್ತ್ ಕೆರೊಲಿನಾ ಮುಂದಿನ ಪಂದ್ಯದಲ್ಲಿ ಕಾನ್ಸಸ್‌ಗೆ 67-80ರಿಂದ ಸೋತಿತು. ಅದೇ ಋತುವಿನ ಜನವರಿಯಲ್ಲಿ ಡೆಕ್ಸ್ಟರ್ ಸ್ಟ್ರಿಕ್‌ಲ್ಯಾಂಡ್ ಮೊಣಕಾಲಿನ ಎಸಿಎಲ್ ಅಸ್ಥಿರಜ್ಜು ಹರಿದುಕೊಂಡು ಹೊರಬಿದ್ದಿದ್ದ. ಒಂದೇ ಸ್ಥಾನದ ಎರಡನೇ ಗಾಯ ಮೊದಲನೆಯದಕ್ಕಿಂತ ದುಬಾರಿ, ಏಕೆಂದರೆ ಬದಲಿಯ ಬದಲಿ ಆಡಬೇಕು. ಇಬ್ಬರ ಬೆಲೆಯನ್ನು ಬೇರೆ ಬೇರೆ ಲೆಕ್ಕ ಹಾಕಿ ಕೂಡಿದರೆ ನಷ್ಟವನ್ನು ಕಡಿಮೆ ಅಂದಾಜಿಸಿದಂತಾಗುತ್ತದೆ.

ಆ ರಾತ್ರಿಯನ್ನು ಓದುವುದು ಹೇಗೆ

ವಿರಾಮದ ವೇಳೆಗೆ 21-21. ದ್ವಿತೀಯಾರ್ಧದಲ್ಲಿ ಯುಎಂಬಿಸಿ 53, ವರ್ಜೀನಿಯಾ 33. ಇಡೀ ಪಂದ್ಯದಲ್ಲಿ ಎದುರಾಳಿಗೆ ಸರಾಸರಿ ಸುಮಾರು 53 ಪಾಯಿಂಟ್ ಬಿಟ್ಟುಕೊಡುತ್ತಿದ್ದ ತಂಡ ಇಪ್ಪತ್ತೇ ನಿಮಿಷದಲ್ಲಿ ಅಷ್ಟನ್ನು ಕೊಟ್ಟಿತು. ಲೈಲ್ಸ್ 28 ಪಾಯಿಂಟ್ ಗಳಿಸಿದ.

ನಿರೀಕ್ಷೆ 20.5ರ ಗೆಲುವು, ಆದದ್ದು 20ರ ಸೋಲು. ತಪ್ಪಿದ ಅಂತರ 40.5 ಪಾಯಿಂಟ್. ಹಂಟರ್ ಬೆಲೆಯನ್ನು ಎಷ್ಟೇ ಹಿಗ್ಗಿಸಿ 3 ಎಂದರೂ ಈ ಕಂದಕದ ಹದಿಮೂರನೇ ಒಂದು ಭಾಗ ಕೂಡ ತುಂಬುವುದಿಲ್ಲ. ದೊಡ್ಡ ಪಾಲು ಇರುವುದು ತ್ರೀ-ಪಾಯಿಂಟರ್‌ಗಳಲ್ಲಿ: ಯುಎಂಬಿಸಿ 24ರಲ್ಲಿ 12, ವರ್ಜೀನಿಯಾ 22ರಲ್ಲಿ 4. ಎರಡೂ ತಂಡ ಶೇ. 35ರಷ್ಟು ಹೊಡೆದಿದ್ದರೆ ಯುಎಂಬಿಸಿಗೆ 10.8 ಪಾಯಿಂಟ್ ಕಡಿಮೆ, ವರ್ಜೀನಿಯಾಗೆ 11.1 ಹೆಚ್ಚು. ಅಂತರದಲ್ಲಿ 22 ಪಾಯಿಂಟ್ ಸರಿದು ವರ್ಜೀನಿಯಾ ಎರಡು ಪಾಯಿಂಟ್‌ನಿಂದ ಗೆಲ್ಲುತ್ತಿತ್ತು. ಉಳಿದದ್ದು ಯುಎಂಬಿಸಿ ಗಾರ್ಡ್‌ಗಳ ದಿಟ್ಟ ನುಗ್ಗಾಟ, ಹಿಂದೆ ಬಿದ್ದ ಮೇಲೆ ನಿಧಾನದ ತಂಡ ಅವಸರಕ್ಕೆ ಬಿದ್ದದ್ದು.

"ಹಂಟರ್ ಇದ್ದಿದ್ದರೆ ಗೆಲ್ಲುತ್ತಿತ್ತು" ಎಂದು ನಂಬಿ, ಮುಂದಿನ ವರ್ಷಗಳಲ್ಲಿ ಆರನೇ ಆಟಗಾರನ ಗಾಯಕ್ಕೆ ಐದು ಪಾಯಿಂಟ್ ಕಳೆಯಲು ಶುರುಮಾಡಿದರೆ ಮಾದರಿ ಕೆಡುತ್ತದೆ. ಮೂವತ್ತೊಂಬತ್ತರಲ್ಲಿ ಒಂದು ಎಂಬ ಘಟನೆ ಒಮ್ಮೆ ನಡೆದರೆ ಆ ಅಂದಾಜು ಸುಳ್ಳಾಗುವುದಿಲ್ಲ. 2019ರಲ್ಲಿ ಹಂಟರ್ ಫೈನಲ್‌ನಲ್ಲಿ ಟೆಕ್ಸಸ್ ಟೆಕ್ ವಿರುದ್ಧ 27 ಪಾಯಿಂಟ್ ಗಳಿಸಿ ವರ್ಜೀನಿಯಾಗೆ ಪ್ರಶಸ್ತಿ ತಂದದ್ದನ್ನು ಸಾಕ್ಷ್ಯವಾಗಿ ತರುವವರಿದ್ದಾರೆ. ಅದು 2019ರ ಹಂಟರ್: ಒಂದು ವರ್ಷ ದೊಡ್ಡವನು, ಆರಂಭಿಕ ಐವರಲ್ಲಿ ಒಬ್ಬ, ಹೆಚ್ಚು ನಿಮಿಷ ಆಡುತ್ತಿದ್ದವನು. 2018ರ ಲೆಕ್ಕಕ್ಕೆ ಅವನನ್ನು ಎಳೆದು ತರುವಂತಿಲ್ಲ.

ಮಂಗಳವಾರದಿಂದ ಗುರುವಾರದವರೆಗೆ

ಸುದ್ದಿಯ ಗುಣಮಟ್ಟ ಮೊದಲು. ವಿಶ್ವವಿದ್ಯಾಲಯವೇ "ಋತು ಮುಗಿಯಿತು" ಎಂದರೆ ನಿಮಿಷ ಸೊನ್ನೆ, ಚರ್ಚೆ ಇಲ್ಲ. ಹಂಟರ್ ವಿಷಯ ಅಷ್ಟು ಸರಳ. ಪಾದದ ಉಳುಕು, "ಪಂದ್ಯದ ಹೊತ್ತಿಗೆ ನಿರ್ಧಾರ" ಎಂಬ ಹೇಳಿಕೆ ಬಂದರೆ ಮೂರು ಸಾಧ್ಯತೆ ಬರೆದುಕೊಳ್ಳಬೇಕು: ಆಡುವುದಿಲ್ಲ, ಎಂದಿನ ನಿಮಿಷಗಳಲ್ಲಿ ಅರ್ಧ ಆಡುತ್ತಾನೆ, ಪೂರ್ಣ ಆಡುತ್ತಾನೆ. ಪ್ರತಿಯೊಂದಕ್ಕೂ ಸಂಭವ ಕೊಟ್ಟು ಸರಾಸರಿ ತೆಗೆಯಬೇಕು. ತಲೆಗೆ ಪೆಟ್ಟಾದರೆ ಮರಳುವ ದಿನ ಕೋಚ್ ಕೈಯಲ್ಲಿರುವುದಿಲ್ಲ, ಅವರ ಆಶಾವಾದಕ್ಕೆ ತೂಕ ಕೊಡಬೇಡಿ. ಕಾಲೇಜು ಆಟದಲ್ಲಿ ಎನ್‌ಬಿಎಯಂಥ ಕಡ್ಡಾಯ ಗಾಯದ ವರದಿ 2018ರಲ್ಲಿ ಇರಲಿಲ್ಲ. ಎಸ್‌ಇಸಿಯಂಥ ಕಾನ್ಫರೆನ್ಸ್‌ಗಳು ತಮ್ಮೊಳಗಿನ ಪಂದ್ಯಗಳಿಗೆ ಲಭ್ಯತೆಯ ಪಟ್ಟಿ ಕೊಡಲು ಶುರುಮಾಡಿದ್ದು ಈಚೆಗೆ. ಅಭ್ಯಾಸದಲ್ಲಿ ಯಾರು ಓಡಿದರು, ಯಾರು ಪಟ್ಟಿ ಸುತ್ತಿಕೊಂಡು ನಿಂತಿದ್ದರು ಎಂಬ ಸ್ಥಳೀಯ ವರದಿಗಾರರ ಟಿಪ್ಪಣಿ ಬಹಳ ಸಲ ಕೋಚ್ ಮಾತಿಗಿಂತ ನಂಬಿಕಸ್ಥ.

ನಂತರ, ಕಳೆದದ್ದನ್ನು ಎಲ್ಲಿ ಕೂಡಬೇಕು ಎಂಬ ಪ್ರಶ್ನೆ. ವರ್ಜೀನಿಯಾ ಫೈನಲ್ ಫೋರ್ ಅವಕಾಶದಲ್ಲಿ ಕಳೆದುಕೊಂಡ ಶೇ. 7.7 ಗಾಳಿಯಲ್ಲಿ ಕರಗುವುದಿಲ್ಲ, ಸೌತ್ ವಿಭಾಗದ ಉಳಿದ ಹದಿನೈದು ತಂಡಗಳಿಗೆ ಹಂಚಿಹೋಗುತ್ತದೆ. ಹೆಚ್ಚು ಪಾಲು ಅದೇ ಅರ್ಧದಲ್ಲಿದ್ದವರಿಗೆ: ಎಂಟು-ಒಂಬತ್ತನೇ ಸೀಡ್‌ಗಳಾದ ಕ್ರೈಟನ್, ಕಾನ್ಸಸ್ ಸ್ಟೇಟ್, ನಾಲ್ಕು-ಐದನೇ ಸೀಡ್‌ಗಳಾದ ಅರಿಝೋನಾ, ಕೆಂಟಕಿ. ಬಹುಪಾಲು ಜನ ತಮ್ಮ ಚಾಂಪಿಯನ್ ಬದಲಿಸಿ ಅಲ್ಲಿಗೆ ನಿಲ್ಲುತ್ತಾರೆ, ಈ ನೆರೆಯವರನ್ನು ಮರೆಯುತ್ತಾರೆ.

ಕೊನೆಗೆ, ಪೈಪೋಟಿಯಲ್ಲಿ ಉಳಿದವರು ಏನು ಬರೆದಿದ್ದಾರೆ ಎಂಬುದು. ಭಾನುವಾರ ರಾತ್ರಿಯೇ ಬ್ರಾಕೆಟ್ ತುಂಬಿಟ್ಟವರು ಅನೇಕರು, ಮಂಗಳವಾರದ ಸುದ್ದಿಗೆ ಅದನ್ನು ತಿದ್ದುವವರು ಕೆಲವರೇ. ಐವತ್ತು ಜನರ ಪೈಪೋಟಿಯಲ್ಲಿ ಹತ್ತು ಜನ ವರ್ಜೀನಿಯಾವನ್ನು ಚಾಂಪಿಯನ್ ಎಂದು ಹಿಡಿದಿದ್ದಾರೆ ಎಂದುಕೊಳ್ಳಿ. ಗಾಯಕ್ಕೆ ಮುಂಚೆ ಶೇ. 18.9ರ ಅವಕಾಶವನ್ನು ಶೇ. 20 ಜನ ಹಂಚಿಕೊಂಡಿದ್ದರು, ಹೆಚ್ಚುಕಡಿಮೆ ಸರಿಬೆಲೆ. ಈಗ ಶೇ. 13.2ನ್ನು ಅಷ್ಟೇ ಜನ ಹಂಚಿಕೊಂಡಿದ್ದಾರೆ. ಶೇ. 12 ಅವಕಾಶವಿದ್ದು ನಾಲ್ಕೇ ಜನ ಹಿಡಿದಿರುವ ಇನ್ನೊಂದು ತಂಡವಿದ್ದರೆ ಅದನ್ನು ಆರಿಸುವುದು ಲಾಭ, ವರ್ಜೀನಿಯಾ ಅದಕ್ಕಿಂತ ಕೂದಲೆಳೆಯಷ್ಟು ಬಲಿಷ್ಠವಾಗಿದ್ದರೂ ಸಹ. ಎಂಟು ಜನರ ಗೆಳೆಯರ ಗುಂಪಿನಲ್ಲಾದರೆ ಈ ಜಾಣತನದ ಅಗತ್ಯವಿಲ್ಲ. ಅಲ್ಲಿ ಒಬ್ಬಿಬ್ಬರು ಮಾತ್ರ ಹಿಡಿದಿರುವ ವರ್ಜೀನಿಯಾವನ್ನು ಶೇ. 13ಕ್ಕೂ ಉಳಿಸಿಕೊಳ್ಳಬಹುದಿತ್ತು. ಎರಡೂ ಕಡೆ ಮೊದಲ ಸುತ್ತಿನ ಸಾಲಿನಲ್ಲಿ ವರ್ಜೀನಿಯಾ ಹೆಸರನ್ನೇ ಬರೆಯಬೇಕಿತ್ತು, ಇಂದು ಅದೇ ಮಾಹಿತಿ ಕೈಗೆ ಬಂದರೂ ಅದನ್ನೇ ಬರೆಯಬೇಕು.